ಮಸೀದಿ ಬಾಗಿಲಿನ ಲೆಕ್ಕ ವಿಧಾನಸೌಧಕ್ಕೂ ತಲುಪಲಿ

ಜುಮಾ ನಮಾಝ್ ಮುಗಿದ ಕೂಡಲೇ ಒಬ್ಬರು ಎದ್ದು ನಿಲ್ಲುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಆಸ್ಪತ್ರೆಯ ಎಸ್ಟಿಮೇಟ್, ಜೊತೆಗೆ ಅವರ ಊರಿನ ಜಮಾಅತ್‌ನ ಪತ್ರ. ಕಿಡ್ನಿ, ಹೃದಯ, ಕ್ಯಾನ್ಸರ್, ಇಲ್ಲವೇ ಬೈಕ್ ಅಪಘಾತ. ಬಾಗಿಲಲ್ಲಿ ಹಾಸಿದ ಶಾಲಿಗೆ ಹತ್ತೋ ಐವತ್ತೋ ಹಾಕಿ ನಾವು ಚಪ್ಪಲಿ ಹುಡುಕುತ್ತೇವೆ.

ಈ ಹಣ ಯಾವ ಬಜೆಟ್‌ನಲ್ಲೂ ಇಲ್ಲ. ಆರೋಗ್ಯ ಯೋಜನೆಗಳ ಖರ್ಚು ನೋಡಲು ನಮ್ಮ ವಿಧಾನಮಂಡಲದಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜು ಸಮಿತಿ ಎಲ್ಲ ಉಂಟು. ಸರಕಾರ ಎಷ್ಟು ಕೊಟ್ಟಿತು ಎಂಬುದು ಅವರ ಮೇಜಿಗೆ ಬರುತ್ತದೆ. ಉಮ್ಮನ ಬಳೆ ಎಷ್ಟಕ್ಕೆ ಹೋಯಿತು ಎಂಬುದು ಬರುವುದಿಲ್ಲ.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ.30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಮಗ ಗಲ್ಫ್‌ನಲ್ಲಿದ್ದಾಗ ಕಾರ್ಡ್ ಎಪಿಎಲ್ ಆಯಿತು. ಕೆಲಸ ಹೋಗಿ ಊರಿಗೆ ಬಂದ, ಈಗ ಬಾಡಿಗೆ ಪಿಕಪ್ ಓಡಿಸುತ್ತಾನೆ. ಕಾರ್ಡ್ ಮಾತ್ರ ಹಾಗೇ ಉಳಿದಿದೆ. 2 ಲಕ್ಷದ ಪ್ಯಾಕೇಜ್ ಆದರೆ ಸರಕಾರದಿಂದ 60 ಸಾವಿರ, ಉಳಿದ 1.40 ಲಕ್ಷ ಅವನ ತಲೆಗೆ. ಆಗ ಶಾಲು ಹಾಸದೆ ಬೇರೆ ದಾರಿ?

ತಪ್ಪು ನಮ್ಮದೂ ಉಂಟು. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ನಾವೋ, ವೆನ್ಲಾಕ್ ಮುಂದಿನಿಂದಲೇ ಹಾದು ಸೀದಾ ಖಾಸಗಿಗೆ ಹೋಗುತ್ತೇವೆ, ಅಡ್ಮಿಟ್ ಆದ ಮೇಲೆ ಕಾರ್ಡ್ ಹುಡುಕುತ್ತೇವೆ. ಹಾಗಂತ ಜನರನ್ನೇ ಬೈದು ಮುಗಿಸುವಂತಿಲ್ಲ. ಮಂಗಳೂರಿನ ಸುತ್ತ ಇಷ್ಟೊಂದು ಮೆಡಿಕಲ್ ಕಾಲೇಜುಗಳಿವೆ, ಎಲ್ಲವೂ ಖಾಸಗಿ. 1848ರಲ್ಲಿ ಶುರುವಾದ ವೆನ್ಲಾಕ್ ಮೇಲೆ ನೆರೆಜಿಲ್ಲೆಗಳ, ಕಾಸರಗೋಡಿನ ಭಾರವೂ ಬೀಳುತ್ತದೆ.

ರಾಜಸ್ಥಾನದಲ್ಲಿ ಆರೋಗ್ಯ ಹಕ್ಕು ಮಸೂದೆ 2022ರಲ್ಲಿ ಬಂದಾಗ ಅದನ್ನು ಶಾಸಕರ ಆಯ್ಕೆ ಸಮಿತಿಗೆ ಒಪ್ಪಿಸಿದರು. ಖಾಸಗಿ ವೈದ್ಯರು ಬೀದಿಗಿಳಿದರು, ಗಲಾಟೆ ಆಯಿತು, ಆದರೂ 2023ರ ಮಾರ್ಚ್‌ನಲ್ಲಿ ಅದು ಪಾಸಾಯಿತು. ಕಾಯ್ದೆ ಎಷ್ಟು ನಡೆಯುತ್ತದೆ ಎಂಬುದು ಬೇರೆ ಪ್ರಶ್ನೆ. ಶಾಸಕರು ಕೂತು ಓದಿದರು, ಎರಡೂ ಕಡೆಯವರ ಮಾತು ಕೇಳಿದರು ಎಂಬುದು ಸಣ್ಣ ಸಂಗತಿಯಲ್ಲ.

ನಮ್ಮ ಶಾಸಕರೂ ಓದಲಿ. ಆದರೆ ಓದಲು ನಾವು ಏನಾದರೂ ಕೊಡಬೇಕಲ್ಲ? ಪ್ರತಿ ಜಮಾಅತ್ ಒಂದು ಪುಸ್ತಕ ಇಡಲಿ. ಯಾವ ಕಾಯಿಲೆ, ಎಷ್ಟು ಬಿಲ್, ಯೋಜನೆಯಿಂದ ಎಷ್ಟು ಬಂತು, ಸಿಗದಿದ್ದರೆ ಏನು ಕಾರಣ ಹೇಳಿದರು, ನಾವೆಷ್ಟು ಒಟ್ಟು ಮಾಡಿದೆವು. "ಸದಕದ ಲೆಕ್ಕ ಬರೆದಿಡುವುದಾ ಮಾರಾಯ್ರೆ?" ಎಂದು ಕೆಲವರು ಕೇಳಬಹುದು. ಕೊಟ್ಟವರ ಹೆಸರೂ ಬೇಡ, ಪಡೆದವರ ಹೆಸರೂ ಬೇಡ. ಅಂಕಿ ಸಾಕು.

ಇನ್ನೊಂದು. ಹೆಂಗಸರ ಕಾಯಿಲೆ ಶಾಲಿನವರೆಗೂ ಬರುವುದೇ ಕಡಿಮೆ. ಗರ್ಭಕೋಶದ ಆಪರೇಷನ್ "ಮಗಳ ಮದುವೆ ಆಗಲಿ" ಎಂದು ಮುಂದೆ ಹೋಗುತ್ತದೆ. ಮನೆಮನೆಗೆ ಹೋಗಿ ಕೇಳುವ ಹೆಣ್ಣುಮಕ್ಕಳೂ ಈ ಕೆಲಸದಲ್ಲಿ ಇರಬೇಕು.

ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ. ಡಿಸೆಂಬರ್‌ನೊಳಗೆ ಆ ಅಂಕಿಗಳ ಒಂದು ಪ್ರತಿ ಕ್ಷೇತ್ರದ ಶಾಸಕರಿಗೆ, ಇನ್ನೊಂದು ವಿಧಾನಮಂಡಲದ ಅರ್ಜಿಗಳ ಸಮಿತಿಗೆ ಹೋಗಲಿ. ಎಪಿಎಲ್ ಮಿತಿಯ ಪ್ರಶ್ನೆ ಮೊದಲ ಪುಟದಲ್ಲೇ ಇರಲಿ.