ಅಟ್ಟದ ಮೇಲಿನ ಅರ್ಧ ಬಾಟಲಿ ಸ್ಪಿರಿಟ್



ಹಬ್ಬದ ಸಾಲು ಹತ್ತಿರ ಬಂತೆಂದರೆ ಗೋಡೆಗೆ ಸುಣ್ಣಬಣ್ಣ, ಬಾಗಿಲಿಗೆ ಪಾಲಿಶ್, ಅಜ್ಜನ ಕಾಲದ ಕುರ್ಚಿಗೆ ಹೊಸ ಹೊಳಪು, ಇವೆಲ್ಲ ನಮ್ಮ ತಲೆಯ ಮೇಲೆಯೇ ಬೀಳುವ ಕೆಲಸ ಅಲ್ಲವೇ? ಪಾಲಿಶ್ ಮಾಡುವವನು ಬರುತ್ತಾನೆ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಲ್ಲಿ ತಿಕ್ಕುತ್ತಾನೆ, ಬಾಗಿಲು ಕನ್ನಡಿಯಂತಾಗುತ್ತದೆ. ಹೋಗುವಾಗ "ಇದು ಉಳ್ಕೊಂಡಿದೆ, ಇಟ್ಕೊಂಡಿರಿ ಅಮ್ಮಾ, ಮುಂದೆ ಬೇಕಾಗತ್ತೆ" ಎಂದು ಅರ್ಧ ಬಾಟಲಿ ಸ್ಪಿರಿಟ್ಟನ್ನು ನಮ್ಮ ಕೈಗೆ ಕೊಟ್ಟು ಹೋಗುತ್ತಾನೆ. ದುಡ್ಡು ಕೊಟ್ಟು ತಂದದ್ದು, ಚೆಲ್ಲುವುದು ಹೇಗೆ? ನಾವೂ ಅದನ್ನು ಅಟ್ಟದ ಮೇಲೋ, ಅಡಿಗೆಮನೆಯ ಗೂಡಿನಲ್ಲೋ ಸೇರಿಸಿಬಿಡುತ್ತೇವೆ. ಈ ಸಲ ಆ ಅರ್ಧ ಬಾಟಲಿಯ ವಿಚಾರವನ್ನೇ ಮಾತಾಡೋಣ. ಉಪ್ಪಿನಕಾಯಿ, ಹಪ್ಪಳದ ಮಾತು ಮುಂದಿನ ಸಂಚಿಕೆಗಿರಲಿ.

ನಾನು ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದ್ದರಿಂದ ವಿಜ್ಞಾನದ ಮೇಷ್ಟ್ರನ್ನೂ ಡಾಕ್ಟರರನ್ನೂ ಕೇಳಿ ತಿಳಿದುಕೊಂಡೇ ಬರೆಯುತ್ತಿದ್ದೇನೆ. ಕಷ್ಟದ ಮಾತೇನೂ ಇಲ್ಲ, ಸಮಾಧಾನವಾಗಿ ಓದಿ.

ಒಂದೇ ರೂಪದ ಇಬ್ಬರು

ಸ್ಪಿರಿಟ್ ಎಂದು ನಾವು ಕರೆಯುವುದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಈಥೈಲ್ ಆಲ್ಕೋಹಾಲ್, ಅಂದರೆ ಎಥನಾಲ್. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತಯಾರಾಗುವುದು ಇದೇ, ಹೆಂಡ ಸಾರಾಯಿಯಲ್ಲಿ ಅಮಲೇರಿಸುವುದೂ ಇದೇ. ಇನ್ನೊಂದು ಮೀಥೈಲ್ ಆಲ್ಕೋಹಾಲ್, ಅಂದರೆ ಮೆಥನಾಲ್. ಹಿಂದಿನ ಕಾಲದಲ್ಲಿ ಕಟ್ಟಿಗೆಯನ್ನು ಗಾಳಿಯಾಡದಂತೆ ಕಾಯಿಸಿ, ಬಂದ ಹೊಗೆಯನ್ನು ತಣಿಸಿ ಇದನ್ನು ತೆಗೆಯುತ್ತಿದ್ದರು. ಅದಕ್ಕೇ ಕಟ್ಟಿಗೆಯ ಸ್ಪಿರಿಟ್ ಎಂಬ ಹೆಸರೂ ಇದಕ್ಕಿದೆ. ಈಗ ದೊಡ್ಡ ಕಾರ್ಖಾನೆಗಳಲ್ಲಿ ನೈಸರ್ಗಿಕ ಅನಿಲದಿಂದ, ಕಲ್ಲಿದ್ದಲಿನಿಂದ ತಯಾರಿಸುತ್ತಾರೆ. ಪ್ಲೈವುಡ್ಡಿಗೆ ಹಾಕುವ ಅಂಟು, ಬಣ್ಣದ ಥಿನ್ನರ್, ಔಷಧ ತಯಾರಿಕೆ, ಹೀಗೆ ನೂರೆಂಟು ಕೈಗಾರಿಕೆಗಳಿಗೆ ಇದು ಬೇಕು. ಕಾರ್ಖಾನೆಯಲ್ಲಿದ್ದರೆ ಒಳ್ಳೆಯ ಕೆಲಸಗಾರ, ಮನೆಯೊಳಗೆ ಬಂದರೆ ಮಾರಿ.

ನೋಡುವುದಕ್ಕೆ ಎರಡೂ ನೀರಿನಂತೆ ತಿಳಿ. ವಾಸನೆಯೂ ಹೆಚ್ಚುಕಡಿಮೆ ಒಂದೇ. ಎರಡೂ ನೀರಿನಲ್ಲಿ ಬೆರೆತುಹೋಗುತ್ತವೆ. "ಬೆಂಕಿ ಹಚ್ಚಿ ನೋಡಿದರೆ ತಿಳಿಯುತ್ತೆ, ನೀಲಿ ಉರಿ ಬಂದರೆ ಒಳ್ಳೇ ಮಾಲು" ಎನ್ನುವವರಿದ್ದಾರೆ. ಅದು ಶುದ್ಧ ತಪ್ಪು. ಎರಡರ ಉರಿಯೂ ನೀಲಿಯೇ. ನಮ್ಮ ಕಣ್ಣು, ಮೂಗು, ನಾಲಿಗೆಗೆ ಇವೆರಡನ್ನು ಬೇರೆ ಮಾಡುವ ಶಕ್ತಿಯಿಲ್ಲ. ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಯೇ ತಿಳಿಯಬೇಕು.

ಅಂಗಡಿಯಲ್ಲಿ ಸಿಗುವ ಡಿನೇಚರ್ಡ್ ಸ್ಪಿರಿಟ್ ಎಂಬುದು ಎಥನಾಲೇ. ಆದರೆ ಯಾರೂ ಕುಡಿಯಬಾರದೆಂದು ಅದಕ್ಕೆ ಕಹಿ ವಸ್ತುಗಳನ್ನೋ ವಿಷದ ವಸ್ತುಗಳನ್ನೋ ಬೇಕೆಂದೇ ಸೇರಿಸಿರುತ್ತಾರೆ. ಕೆಲವು ಬಗೆಯಲ್ಲಿ ಸೇರಿಸುವುದು ಮೆಥನಾಲನ್ನೇ. ಆದ್ದರಿಂದ ಚೀಟಿಯಿಲ್ಲದ ಬಾಟಲಿಯಲ್ಲಿ ಬಂದ ಸ್ಪಿರಿಟ್ ಯಾವುದೇ ಇರಲಿ, ಅದನ್ನು ಮೆಥನಾಲ್ ಎಂದೇ ತಿಳಿದು ನಡೆದುಕೊಳ್ಳುವುದು ಜಾಣತನ.

ಕಾಣದ ಬೆಂಕಿ

ಮೊದಲು ಬೆಂಕಿಯ ಮಾತು. ಸೀಮೆಎಣ್ಣೆ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡಬೇಕಾದರೆ ಅದು 35 ಡಿಗ್ರಿಯನ್ನಾದರೂ ದಾಟಿ ಬಿಸಿಯಾಗಬೇಕು. ಮೆಥನಾಲಿಗೆ 11 ಡಿಗ್ರಿ ಸಾಕು. ಅಂದರೆ ಮಾಗಿಯ ಚಳಿಯ ಬೆಳಗಿನಲ್ಲೂ ಅದು ಹೊತ್ತಿಕೊಳ್ಳಲು ಸಿದ್ಧವಾಗಿಯೇ ಕೂತಿರುತ್ತದೆ, ಬೇಸಗೆಯ ಮಾತು ಕೇಳಲೇಬೇಡಿ. ಮುಚ್ಚಳ ತೆಗೆದಿಟ್ಟ ಬಾಟಲಿಯಿಂದ ಏಳುವ ಆವಿ ಗಾಳಿಗಿಂತ ತುಸು ಭಾರ, ನೆಲದ ಹತ್ತಿರ ಹರಡುತ್ತದೆ. ಒಲೆ, ದೇವರ ದೀಪ, ಊದುಬತ್ತಿ, ಯಾರೋ ಸೇದಿ ಬಿಸಾಡಿದ ಬೀಡಿಯ ತುಂಡು, ಸ್ವಿಚ್ ಹಾಕಿದಾಗ ಏಳುವ ಕಿಡಿ, ಯಾವುದಾದರೂ ಅದಕ್ಕೆ ಆದೀತು.

ಇನ್ನೊಂದು ವಿಚಿತ್ರವಿದೆ. ಮೆಥನಾಲ್ ಉರಿಯುವಾಗ ಹೊಗೆಯಿಲ್ಲ, ಹಳದಿ ಜ್ವಾಲೆಯಿಲ್ಲ. ಹಗಲು ಬೆಳಕಿನಲ್ಲಿ ಆ ಉರಿ ಕಣ್ಣಿಗೆ ಕಾಣಿಸುವುದೇ ಇಲ್ಲ ಎನ್ನಬಹುದು. 1981ರ ಮೇ ತಿಂಗಳಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಕಾರ್ ರೇಸಿನಲ್ಲಿ ರಿಕ್ ಮಿಯರ್ಸ್ ಎಂಬ ಹೆಸರಾಂತ ಚಾಲಕನ ಕಾರಿಗೆ ಮೆಥನಾಲ್ ತುಂಬುವಾಗ ಅದು ಚೆಲ್ಲಿ ಬೆಂಕಿ ಹತ್ತಿತು. ಅವನೂ ಅವನ ಕೆಲಸಗಾರರೂ ಉರಿಯುತ್ತಿದ್ದಾರೆಂಬುದು ಸುತ್ತ ನಿಂತವರಿಗೆ ಮೊದಲು ತಿಳಿಯಲೇ ಇಲ್ಲ. ಕೈಕಾಲು ಬಡಿಯುವುದು ಕಾಣುತ್ತಿತ್ತು, ಬೆಂಕಿ ಮಾತ್ರ ಕಾಣುತ್ತಿರಲಿಲ್ಲ.

ರೇಸಿನ ಕಾರು ನಮಗೆಲ್ಲಿ ಬಂತು ಎನ್ನಬೇಡಿ. ಮದುವೆಮನೆಯ ಬಫೆ ಊಟದಲ್ಲಿ ಪಾತ್ರೆಯ ಕೆಳಗೆ ಪುಟ್ಟ ಡಬ್ಬಿಯಲ್ಲಿ ಉರಿ ಇಟ್ಟಿರುತ್ತಾರಲ್ಲ, ಅದರಲ್ಲಿರುವುದೂ ಸಾಮಾನ್ಯವಾಗಿ ಸ್ಪಿರಿಟ್ ಜಾತಿಯದೇ. ಪಲ್ಯ ತಣ್ಣಗಾಯಿತೆಂದು ಹುಡುಗನೊಬ್ಬ ಕ್ಯಾನ್ ಎತ್ತಿಕೊಂಡು ಬಂದು "ಆರಿಹೋಗಿದೆ" ಎಂದುಕೊಂಡು ಸುರಿಯುತ್ತಾನೆ. ಆರಿರುವುದಿಲ್ಲ, ಕಾಣುತ್ತಿರುವುದಿಲ್ಲ ಅಷ್ಟೇ. ಬೆಂಕಿ ಧಾರೆಯನ್ನೇ ಹಿಡಿದು ಮೇಲೆ ಹತ್ತಿ ಕ್ಯಾನಿನೊಳಕ್ಕೆ ಹೋಗುತ್ತದೆ, ಅಲ್ಲಿಂದ ಪಿಚಕಾರಿಯಂತೆ ಎದುರಿದ್ದವರ ಮೈಮೇಲೆ ಹಾರುತ್ತದೆ. ರೇಶಿಮೆ ಸೀರೆ ಉಟ್ಟ ಹೆಂಗಸರು, ಲಂಗ ತೊಟ್ಟ ಮಕ್ಕಳು ಸಾಲಾಗಿ ನಿಂತಿರುವ ಜಾಗ ಅದು. ನಿಮ್ಮ ಮನೆಯ ಸಮಾರಂಭದಲ್ಲಿ ಅಡಿಗೆಯವರಿಗೆ ಮೊದಲೇ ಹೇಳಿಬಿಡಿ: ಉರಿಯುವ ಡಬ್ಬಿಗೆ ಸುರಿಯಕೂಡದು. ಮುಚ್ಚಳ ಮುಚ್ಚಿ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ದೂರ ಒಯ್ದು ತುಂಬಬೇಕು. ಇಲ್ಲವೇ ಹೊಸ ಡಬ್ಬಿಯನ್ನೇ ಇಡಬೇಕು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಸ್ಪಿರಿಟ್ ದೀಪ ಒಯ್ಯುವ ಮಕ್ಕಳಿಗೂ ಇದೇ ಮಾತು.

ಸಣ್ಣ ಬೆಂಕಿಯಾದರೆ ತಟ್ಟೆಯನ್ನೋ ಮುಚ್ಚಳವನ್ನೋ ಬೋರಲು ಹಾಕಿ, ಇಲ್ಲವೇ ಮರಳು ಸುರಿಯಿರಿ. ಒಂದು ಚೊಂಬು ನೀರು ಎರಚಿದರೆ ಉರಿ ಆರುವುದಿಲ್ಲ, ಹರಡುತ್ತದೆ. ನಾಲ್ಕರಲ್ಲಿ ಮೂರು ಪಾಲು ನೀರು ಬೆರೆತರೂ ಅದಕ್ಕೆ ಉರಿಯುವ ಶಕ್ತಿ ಉಳಿದಿರುತ್ತದೆ. ಮೈಗೆ ಹತ್ತಿದರೆ ಓಡಬಾರದು. ನೆಲದ ಮೇಲೆ ಹೊರಳಬೇಕು, ದಪ್ಪ ಹತ್ತಿಯ ಕಂಬಳಿ ಸುತ್ತಬೇಕು. ಉರಿ ಆರಿದ ಮೇಲೆ ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರು ಬಿಟ್ಟು ಆಸ್ಪತ್ರೆಗೆ ಹೊರಡಬೇಕು.

ಕುಡಿದವರಿಗೆ ಏನಾಗುತ್ತದೆ

ಈಗ ಇನ್ನೂ ದೊಡ್ಡ ಮಾತು. 1981ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ನೂರೈವತ್ತಕ್ಕೂ ಹೆಚ್ಚು. 2022ರ ಜುಲೈನಲ್ಲಿ ಗುಜರಾತಿನ ಬೋಟಾದ್ ಕಡೆ ನಲವತ್ತಕ್ಕೂ ಹೆಚ್ಚು, 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು. ಇಂಥ ದುರಂತಗಳಲ್ಲೆಲ್ಲ ಮತ್ತೆ ಮತ್ತೆ ಕೇಳುವ ಹೆಸರು ಮೆಥನಾಲ್. ಗುಜರಾತಿನಲ್ಲಿ ಕಾರ್ಖಾನೆಯಿಂದ ಕದ್ದ ಮೆಥನಾಲಿಗೆ ನೀರು ಬೆರೆಸಿ ಪೊಟ್ಟಣ ಕಟ್ಟಿ ಮಾರಿದ್ದರು. ಕುಡಿತದವರ ಪಾಡು ಎಂದು ಮುಖ ತಿರುಗಿಸಬೇಡಿ. ಸತ್ತವರಲ್ಲಿ ಹೆಚ್ಚಿನವರು ಕೂಲಿನಾಲಿ ಮಾಡುವ ಗಂಡಸರು. ಮನೆಯಲ್ಲಿ ಉಳಿದವರು ನಮ್ಮಂಥ ಹೆಂಗಸರು, ಮಕ್ಕಳು. 2020ರಲ್ಲಿ ಕೊರೋನಾ ಬಂದಾಗ ಇರಾನಿನಲ್ಲಿ ಇದೇ ಔಷಧಿಯೆಂದು ನಂಬಿ ಕುಡಿದು ನೂರಾರು ಜನ ಸತ್ತರು. ಅದೇ ವರ್ಷ ಕೈಗೆ ಹಚ್ಚುವ ಕೆಲವು ಸ್ಯಾನಿಟೈಸರುಗಳಲ್ಲೂ ಮೆಥನಾಲ್ ಸಿಕ್ಕಿತೆಂದು ಅಮೆರಿಕದ ಸರಕಾರ ಎಚ್ಚರಿಸಬೇಕಾಯಿತು.

ಎರಡು ಟೀ ಚಮಚದಷ್ಟು ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು. ಆರು ಚಮಚ, ಅಂದರೆ 30 ಮಿಲಿಲೀಟರ್, ದೊಡ್ಡವರ ಪ್ರಾಣವನ್ನೇ ತೆಗೆಯಬಹುದು. ಮಕ್ಕಳಿಗಾದರೆ ಒಂದು ಗುಟುಕೂ ಅಪಾಯ. ಆದರೆ ಮೆಥನಾಲ್ ಒಳಗೆ ಹೋದ ಕೂಡಲೇ ಕೊಲ್ಲುವುದಿಲ್ಲ. ಲಿವರು ಅದನ್ನು ನಿಧಾನವಾಗಿ ಒಡೆದು ಫಾರ್ಮಿಕ್ ಆಮ್ಲ ಮಾಡುತ್ತದೆ. ಮಲೆನಾಡಿನಲ್ಲಿ ಚಗಳಿ ಇರುವೆಯ ಚಟ್ನಿ ತಿಂದವರಿಗೆ ಆ ಹುಳಿ ಗೊತ್ತು. ಚಟ್ನಿಯಲ್ಲಿ ಒಂದಿಷ್ಟು ಇದ್ದರೆ ಸರಿ, ರಕ್ತದಲ್ಲಿ ತುಂಬಿಕೊಂಡರೆ ಕಣ್ಣಿನ ನರವನ್ನೇ ಕೊಲ್ಲುತ್ತದೆ.

ಹೀಗೆ ಆಮ್ಲವಾಗಲು ಹೊತ್ತು ಬೇಕು. ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ, ಜೊತೆಗೆ ಬೇರೆ ಮದ್ಯವೂ ಸೇರಿದ್ದರೆ ಇನ್ನೂ ಹೆಚ್ಚು. ಮೋಸವಾಗುವುದು ಇಲ್ಲಿಯೇ. ರಾತ್ರಿ ಕುಡಿದು ಬಂದವರು ಮಲಗುತ್ತಾರೆ. ಬೆಳಿಗ್ಗೆ ಎದ್ದು ತಲೆನೋವು, ವಾಂತಿ, ಹೊಟ್ಟೆನೋವು ಎನ್ನುತ್ತಾರೆ. "ಕುಡಿದದ್ದು ಇಳೀಬೇಕು, ಮಲಗಲಿ ಬಿಡಿ" ಎಂದು ಮಜ್ಜಿಗೆ ಕೊಟ್ಟು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾದ ಗಂಟೆಗಳಲ್ಲಿಯೇ ಕಣ್ಣು ಹೋಗುತ್ತದೆ.

ಈ ಲಕ್ಷಣಗಳನ್ನು ನೆನಪಿಡಿ. ಕಣ್ಣು ಮಂಜಾಗುವುದು, ಮಂಜು ಕವಿದ ಬಯಲು ನೋಡಿದಂತೆ ಎಲ್ಲ ಬಿಳಿಬಿಳಿಯಾಗಿ ಕಾಣುವುದು. ಬೆಳಕು ಚುಚ್ಚುವುದು. ಓಡಿ ಬಂದವರಂತೆ ಏದುಸಿರು ಬಿಡುವುದು. ತಡೆಯಲಾರದ ಹೊಟ್ಟೆನೋವು. ಮಾತು ತೊದಲಿ ಮಂಪರು ಹತ್ತುವುದು. ಕುಡಿದ ಮರುದಿನ ಒಬ್ಬರು "ಕಣ್ಣು ಸರಿಯಾಗಿ ಕಾಣ್ತಿಲ್ಲ ಕಣೇ" ಎಂದರೆ ಒಂದು ಗಳಿಗೆಯೂ ತಡಮಾಡಬೇಡಿ. ಜಗಳವನ್ನು ನಾಳೆ ಆಡಬಹುದು. 108ಕ್ಕೆ ಫೋನು ಮಾಡಿ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಅದೇ ಬಾಟಲಿಯಿಂದ ಕುಡಿದ ಇನ್ನೊಬ್ಬರು ಚೆನ್ನಾಗಿಯೇ ಇದ್ದರೂ ಅವರನ್ನೂ ಎಬ್ಬಿಸಿ ಜೊತೆಗೆ ಕರೆದೊಯ್ಯಿರಿ. ಬಾಟಲಿ ಅಥವಾ ಪೊಟ್ಟಣ ಉಳಿದಿದ್ದರೆ ಅದನ್ನೂ ಒಯ್ಯಿರಿ. ಮರ್ಯಾದೆಗೆ ಅಂಜಿ "ಏನೋ ತಿಂದದ್ದು ಆಗಿಬರಲಿಲ್ಲ" ಎಂದು ಡಾಕ್ಟರರಿಗೆ ಸುಳ್ಳು ಹೇಳಬೇಡಿ. ನಿಜ ಹೇಳಿದರೆ ತಾನೇ ಸರಿಯಾದ ಚಿಕಿತ್ಸೆ ಸಿಗುವುದು?

ಚಿಕಿತ್ಸೆ ಇದೆ, ಆದರೆ ಹೊತ್ತಿನೊಳಗೆ ಆಗಬೇಕು. ಹಿಟ್ಟಿನ ಗಿರಣಿಯಲ್ಲಿ ಒಬ್ಬರ ಡಬ್ಬ ಮುಂದೆ ಬಂದರೆ ಹಿಂದಿನವರ ಡಬ್ಬ ಕಾಯುತ್ತದೆಯಲ್ಲ, ಹಾಗೆಯೇ ಡಾಕ್ಟರರು ಲಿವರಿಗೆ ಬೇರೆ ಕೆಲಸ ಹಚ್ಚಿ ಮೆಥನಾಲನ್ನು ಕಾಯಿಸಿ ನಿಲ್ಲಿಸುತ್ತಾರೆ. ಅದಕ್ಕೆ ಫೊಮೆಪಿಜೋಲ್ ಎಂಬ ಔಷಧವಿದೆ, ಅಳತೆಯಲ್ಲಿ ಎಥನಾಲನ್ನೂ ಕೊಡುವುದುಂಟು. ಅಷ್ಟರೊಳಗೆ ಡಯಾಲಿಸಿಸ್ ಮಾಡಿ ರಕ್ತದಿಂದ ವಿಷವನ್ನು ತೆಗೆಯುತ್ತಾರೆ. ಇದನ್ನು ಓದಿ ಮನೆಯಲ್ಲೇ ಬ್ರಾಂದಿ ಕುಡಿಸಲು ಹೋಗಬೇಡಿ. ಎಷ್ಟು, ಯಾವಾಗ ಎಂಬುದು ಡಾಕ್ಟರರ ಕೆಲಸ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ, ಮಂಪರಿನಲ್ಲಿರುವವರಿಗೆ ಅದು ಶ್ವಾಸಕೋಶಕ್ಕೆ ಇಳಿದೀತು.

ಮನೆಯಲ್ಲಿ ನಾವು ಮಾಡಬೇಕಾದದ್ದು

1. ಸ್ಪಿರಿಟ್, ಥಿನ್ನರ್, ಟರ್ಪಂಟೈನ್ ಯಾವುದನ್ನೂ ಕುಡಿಯುವ ನೀರಿನ ಬಾಟಲಿಗೆ, ಷರಬತ್ತಿನ ಬಾಟಲಿಗೆ ಹಾಕಬೇಡಿ. ಬಾಯಾರಿ ಆಟದಿಂದ ಓಡಿಬಂದ ಮಗು ಚೀಟಿ ಓದುವುದಿಲ್ಲ.

2. ಬಂದ ಡಬ್ಬಿಯಲ್ಲೇ, ಮುಚ್ಚಳ ಬಿಗಿಮಾಡಿ, ಮೇಲೆ ದಪ್ಪ ಅಕ್ಷರದಲ್ಲಿ "ವಿಷ" ಎಂದು ಬರೆದು, ಬೀಗವಿರುವ ಕಪಾಟಿನಲ್ಲಿಡಿ. ಅಡಿಗೆಮನೆ, ದೇವರಮನೆ, ಗ್ಯಾಸ್ ಸಿಲಿಂಡರಿನ ಹತ್ತಿರ ಬೇಡ.

3. ಬೇಕಾದಷ್ಟೇ ತರಿಸಿ. ಉಳಿದದ್ದನ್ನು ಪಾಲಿಶ್ ಮಾಡುವವನಿಗೇ ಕೊಟ್ಟು ಕಳಿಸಿ. ಬಚ್ಚಲಿಗೆ, ಚರಂಡಿಗೆ, ಬಾವಿಯ ಹತ್ತಿರ ಸುರಿಯಬಾರದು.

4. ಪಾಲಿಶ್ ನಡೆಯುವಾಗ ಕಿಟಕಿ ಬಾಗಿಲು ತೆರೆದಿರಲಿ, ಆ ಕೋಣೆಯಲ್ಲಿ ದೀಪ, ಒಲೆ ಬೇಡ. ಬಸುರಿಯರು, ಎಳೆಮಕ್ಕಳು ಆ ದಿನ ಬೇರೆ ಕಡೆ ಇರಲಿ. ಆವಿಯಾಗಿ ಉಸಿರಿನಿಂದಲೂ, ಚರ್ಮದ ಮೂಲಕವೂ ಮೆಥನಾಲ್ ಒಳಗೆ ಹೋಗುತ್ತದೆ.

5. ಮೈಮೇಲೆ ಚೆಲ್ಲಿದರೆ ಆ ಬಟ್ಟೆ ಕಳಚಿ ಸಾಬೂನು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ತಣ್ಣೀರಿನಲ್ಲಿ ತೊಳೆದು ಡಾಕ್ಟರರಿಗೆ ತೋರಿಸಿ.

6. ಜ್ವರ ಬಂದ ಮಗುವಿನ ಮೈಗೆ, ಮೊಣಕಾಲು ನೋವಿಗೆ ಈ ಸ್ಪಿರಿಟ್ ತಿಕ್ಕುವುದು ಖಂಡಿತ ಬೇಡ. ಔಷಧದ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟನ್ನು ಡಾಕ್ಟರರು ಹೇಳಿದ್ದಕ್ಕೆ ಮಾತ್ರ ಬಳಸಿ.

7. ಸ್ಪಿರಿಟ್ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಬಯಲಿನಲ್ಲಿ, ಬೆಂಕಿಯಿಂದ ದೂರ, ಹರಡಿ ಒಣಗಿಸಿ.

ಈ ಸಂಚಿಕೆ ಓದಿದ ದಿನವೇ ಒಂದು ಏಣಿ ಹಾಕಿ ಅಟ್ಟ ಹತ್ತಿ ನೋಡಿ. ಹೆಸರಿಲ್ಲದ ಬಾಟಲಿ ಏನಾದರೂ ಇದ್ದರೆ ಮೂಸಿ ನೋಡುವ ಸಾಹಸ ಬೇಡ, ಮುಚ್ಚಳ ಬಿಗಿಮಾಡಿ ಕೆಳಗಿಳಿಸಿ ಬಣ್ಣದವರ ಕೈಗೆ ಒಪ್ಪಿಸಿಬಿಡಿ. ಮನೆಗೆ ಕೆಲಸಕ್ಕೆ ಬರುವ ಹೆಂಗಸಿಗೂ ಆ ಕಣ್ಣು ಮಂಜಾಗುವ ಲಕ್ಷಣವನ್ನು ಬಿಡಿಸಿ ಹೇಳಿ. ಈ ಪತ್ರಿಕೆ ಅವಳ ಮನೆಗೆ ಹೋಗುವುದಿಲ್ಲ, ನಿಮ್ಮ ಮಾತು ಹೋಗುತ್ತದೆ.

ಮುಂದಿನ ಸಂಚಿಕೆಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ ವರ್ಷವಿಡೀ ಕೆಡದಂತೆ ಇಡುವ ಬಗೆ ಹೇಳುತ್ತೇನೆ. ಜಾಡಿ ತೊಳೆದು ಬಿಸಿಲಿಗೆ ಇಟ್ಟಿರಿ.