ಬ್ಯಾಟರಿಯನ್ನು ಬದಲಿಸುವ ಮುನ್ನ

ಹೂವಿನ ಹಡಗಲಿ ತಾಲ್ಲೂಕಿನ ಹೊಳಲು ಮೊದಲಾದ ಊರುಗಳಲ್ಲಿ ಎತ್ತಿನ ಬಂಡಿಯ ಕೆಲಸದ ಬಹುಭಾಗವನ್ನು ಇಂದು ಟ್ರ್ಯಾಕ್ಟರು ವಹಿಸಿಕೊಂಡಿದೆ. ಎತ್ತು ಏಳದಿದ್ದರೆ ರೈತನು ಅದರ ಮೇವು, ನೀರು, ಗೊರಸುಗಳನ್ನೆಲ್ಲ ವಿಚಾರಿಸುತ್ತಾನೆ. ಮೊದಲ ದಿನವೇ ಮಾರಿಬಿಡುವ ಮಾತನಾಡುವುದಿಲ್ಲ. ಟ್ರ್ಯಾಕ್ಟರು ಏಳದಿದ್ದರೆ ಮಾತ್ರ "ಬ್ಯಾಟರಿ ಹೋಯಿತು, ಹೊಸದು ಹಾಕಿಸು" ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಹೊಸದೂ ಎರಡು ತಿಂಗಳಲ್ಲಿ ಇಳಿದುಹೋದರೆ ದೂರೆಲ್ಲ ಅದನ್ನು ತಯಾರಿಸಿದವರ ಮೇಲೆ. ಸಾವಿರಾರು ರೂಪಾಯಿಗಳ ಈ ವಿಷಯದಲ್ಲಿ ಅಳತೆಯಿಲ್ಲದೆ ತೀರ್ಪು ಕೊಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಬ್ಯಾಟರಿಯೆಂಬುದು ವಿದ್ಯುತ್ತನ್ನು ತುಂಬಿಟ್ಟ ಕೊಡವಲ್ಲ. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆಯು 1859ರಲ್ಲಿ ರೂಪಿಸಿದ ಸೀಸ-ಆಮ್ಲ ಕೋಶದ ವಂಶವೇ ಇಂದಿನ ಟ್ರ್ಯಾಕ್ಟರುಗಳಲ್ಲಿಯೂ ಇರುವುದು. ಸುಮಾರು 2.1 ವೋಲ್ಟಿನ ಆರು ಕೋಶಗಳು ಸರಣಿಯಲ್ಲಿ ಸೇರಿ 12.6 ವೋಲ್ಟಾಗುತ್ತದೆ. ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡೈ ಆಕ್ಸೈಡಿನದು. ನಡುವೆ ನೀರು ಬೆರೆತ ಗಂಧಕಾಮ್ಲ. ಪ್ರವಾಹ ಹರಿದಂತೆಲ್ಲ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲವು ತೆಳುವಾಗುತ್ತದೆ. ಬೇಗನೆ ಚಾರ್ಜು ಮಾಡಿದರೆ ಸಲ್ಫೇಟು ಕರಗಿ ಮೊದಲಿನ ಸ್ಥಿತಿಯೇ ಬರುತ್ತದೆ. ಇಳಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಸಣ್ಣ ಹರಳುಗಳು ಬೆಳೆದು ಗಡುಸಾಗಿ ಮತ್ತೆ ಕರಗಲೊಲ್ಲವು. ಬೇರೆಲ್ಲಿಯೋ ಇರುವ ದೋಷವು ಬ್ಯಾಟರಿಯನ್ನು ನಿಜವಾಗಿಯೇ ಕೊಲ್ಲುವುದು ಹೀಗೆ. ಕೊಂದವನನ್ನು ಹಿಡಿಯದೆ ಹೊಸ ಬ್ಯಾಟರಿಯನ್ನೂ ಅವನ ಕೈಗೇ ಒಪ್ಪಿಸಿದರೆ ಫಲವೇನು?

ಕೆಲವು ನೂರು ರೂಪಾಯಿಗಳ ಮಲ್ಟಿಮೀಟರೊಂದಿದ್ದರೆ ವಿಚಾರಣೆಯನ್ನು ಆರಂಭಿಸಬಹುದು. ಚಾರ್ಜಾದ ಬ್ಯಾಟರಿಯು ರಾತ್ರಿಯೆಲ್ಲ ಸುಮ್ಮನಿದ್ದ ಮೇಲೆ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಬಹುಪಾಲು ಬರಿದಾಗಿದೆ. ಎಂಜಿನ್ ಓಡುವಾಗ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ಬ್ಯಾಟರಿಗೆ ಆಹಾರವೇ ತಲುಪುತ್ತಿಲ್ಲ. ಬೆಲ್ಟು ಸಡಿಲವಾಗಿರಬಹುದು, ಆಲ್ಟರ್ನೇಟರಿನ ಬ್ರಷ್ ಸವೆದಿರಬಹುದು, ಟರ್ಮಿನಲ್ಲಿಗೆ ಕಿಲುಬು ಹಿಡಿದಿರಬಹುದು.

ಚಾರ್ಜು ಸರಿಯಾಗಿದ್ದೂ ಬೆಳಗಾಗುವುದರೊಳಗೆ ಬ್ಯಾಟರಿ ಇಳಿಯುವುದಾದರೆ ಸೋರಿಕೆಯನ್ನು ಹುಡುಕಬೇಕು. ಕೀಲಿ ತೆಗೆದು, ದೀಪಗಳನ್ನು ಆರಿಸಿ, ಋಣ ತಂತಿಯನ್ನು ಬಿಚ್ಚಿ, ತಂತಿಗೂ ಟರ್ಮಿನಲ್ಲಿಗೂ ನಡುವೆ ಆಂಪೇರು ಮಾಪಕವನ್ನು ಸೇರಿಸಬೇಕು. (ಮಾಪಕವಿರುವಾಗ ಸೆಲ್ಫ್ ಹೊಡೆಯಬಾರದು, ನೂರಾರು ಆಂಪೇರು ಹರಿದು ಅದು ಹಾಳಾದೀತು.) ಗಡಿಯಾರ ಮೊದಲಾದುವುಗಳಿಗೆಂದು ಐವತ್ತು ಮಿಲಿ ಆಂಪೇರಿನೊಳಗೆ ಹರಿದರೆ ಚಿಂತೆಯಿಲ್ಲ. ಅರ್ಧ ಆಂಪೇರು ಹರಿಯುತ್ತಿದೆಯೆನ್ನಿ. 60 ಆಂಪೇರು-ಗಂಟೆಯ ಬ್ಯಾಟರಿ 120 ಗಂಟೆಗಳಲ್ಲಿ, ಎಂದರೆ ಐದೇ ದಿನಗಳಲ್ಲಿ ಪೂರ್ತಿ ಬರಿದಾಗುತ್ತದೆ. ಸೆಲ್ಫ್ ತಿರುಗದಿರಲು ಅಷ್ಟು ದಿನವೂ ಬೇಕಿಲ್ಲ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದರೆ, ಯಾವುದನ್ನು ಕಿತ್ತಾಗ ಮುಳ್ಳು ಇಳಿಯುವುದೋ ಆ ದಾರಿಯಲ್ಲಿ ಕಳ್ಳನಿದ್ದಾನೆ. ಯಾವುದನ್ನು ಕಿತ್ತರೂ ಇಳಿಯದಿದ್ದರೆ ಫ್ಯೂಸಿಲ್ಲದ ದಾರಿಯನ್ನು ಶಂಕಿಸಬೇಕು. ಮೈಲಾರದ ಜಾತ್ರೆಗೆಂದು ಟ್ರ್ಯಾಕ್ಟರಿಗೆ ಹಾಡಿನ ಪೆಟ್ಟಿಗೆಯನ್ನೂ ಬಣ್ಣದ ದೀಪಗಳನ್ನೂ ಕಟ್ಟುವಾಗ ತಂತಿಯನ್ನು ನೇರವಾಗಿ ಬ್ಯಾಟರಿಗೇ ಸಿಕ್ಕಿಸುವುದುಂಟು. ಜಾತ್ರೆ ಮುಗಿದರೂ ಆ ತಂತಿ ಅಲ್ಲಿಯೇ ಉಳಿಯುತ್ತದೆ. ಕೀಲಿ ತೆಗೆದರೂ ಪೆಟ್ಟಿಗೆ ಒಳಗೊಳಗೇ ಎಚ್ಚರವಾಗಿರುತ್ತದೆ.

ಎಲ್ಲೆಡೆಯೂ ಕಳ್ಳನೇ ಇರಬೇಕೆಂದಿಲ್ಲ. ಬಿಸಿಲು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಬ್ಯಾಟರಿಯು ತಾನಾಗಿ ಇಳಿಯುವ ವೇಗವು ಹೆಚ್ಚು ಕಡಮೆ ಇಮ್ಮಡಿಯಾಗುತ್ತದೆ. ಸುಗ್ಗಿ ಮುಗಿದ ಮೇಲೆ ಮುಂಗಾರಿನವರೆಗೆ ನಿಂತ ಟ್ರ್ಯಾಕ್ಟರಿನಲ್ಲಿ ದೋಷವೊಂದೂ ಇಲ್ಲದೆಯೇ ಹೀಗಾಗಬಹುದು. ಋಣ ತಂತಿಯನ್ನು ಬಿಚ್ಚಿಟ್ಟರೆ ಹೊರಗಿನ ಸೋರಿಕೆ ನಿಲ್ಲುವುದೇ ಹೊರತು ಈ ಒಳಗಿನ ಇಳಿತ ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ಚಾರ್ಜು ಮಾಡುವುದೇ ಉಪಾಯ.

ಎರಡು ರೂಢಿಗಳನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಎಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಿತ್ತು ಚಾರ್ಜನ್ನು ಪರೀಕ್ಷಿಸುವುದು ಒಂದು. ಹಳೆಯ ಡೈನಮೋ ಕಾಲದ ಈ ಧೈರ್ಯವು ಈಗ ಹಾನಿಕರ: ಹೊರೆ ಥಟ್ಟನೆ ತಪ್ಪಿದಾಗ ಆಲ್ಟರ್ನೇಟರಿನ ವೋಲ್ಟೇಜು ಹಲವು ಪಟ್ಟು ಚಿಮ್ಮಿ ಡಯೋಡುಗಳನ್ನೂ ಇಲೆಕ್ಟ್ರಾನಿಕ್ ಭಾಗಗಳನ್ನೂ ಸುಡಬಲ್ಲದು. ಕೋಶಗಳಿಗೆ ಕೊಳವೆಬಾವಿಯ ನೀರನ್ನು ಸುರಿಯುವುದು ಇನ್ನೊಂದು. ಆ ನೀರಿನ ಲವಣಗಳು, ಅದರಲ್ಲಿಯೂ ಕ್ಲೋರೈಡು ಮತ್ತು ಕಬ್ಬಿಣ, ಫಲಕಗಳಿಗೆ ಕೇಡು. ಭಟ್ಟಿ ಇಳಿಸಿದ ನೀರು ದುಬಾರಿಯೇನಲ್ಲ.

ಮೆಕ್ಯಾನಿಕ್‌ಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಅರ್ಧ ಗಂಟೆ ಸೋರಿಕೆ ಹುಡುಕಿದ್ದಕ್ಕೆ ಕೂಲಿ ಕೊಡಲು ಗಿರಾಕಿಯು ಹಿಂದೆಗೆಯುತ್ತಾನೆ. ಹೊಸ ಬ್ಯಾಟರಿಗೆ ಮಾತ್ರ ಹಣ ಎಣಿಸುತ್ತಾನೆ. ಓಮನ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯೂ ಮನೆಯ ವಾಹನದ ಮೇಲೆ ಅದನ್ನು ಪ್ರಯೋಗಿಸುವುದಿಲ್ಲ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗೆ ಹಳೆಯ ಬ್ಯಾಟರಿಯೊಂದನ್ನು ತಂದಿಟ್ಟು, ಪೂರ್ತಿ ಚಾರ್ಜು ಮಾಡಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ಅದರ ವೋಲ್ಟೇಜನ್ನೂ ಕೋಣೆಯ ಉಷ್ಣತೆಯನ್ನೂ ಬರೆದಿಡುವ ಪಾಠವನ್ನು ಸೇರಿಸಬೇಕು. ಇದಕ್ಕೆ ತಗಲುವ ಖರ್ಚು ಒಂದು ಗ್ರಾಫ್ ಹಾಳೆಯದು.