‘ಇದು ಸಾಲೀನಾ ಸರ್?’: ಬೀದರಿನ ಮದರಸಾ ಭೇಟಿಯ ಬಗ್ಗೆ ಒಂದು ತಕರಾರು

ನನ್ನ ಕ್ಷೇತ್ರಭೇಟಿ ದಾಖಲೆ ಪುಸ್ತಕದಲ್ಲಿ ಬೀದರಿನ ಮಹಮೂದ್ ಗವಾನ್ ಮದರಸಾಕ್ಕೆ ಒಂದೂವರೆ ಪುಟ ಇದೆ. ಕಟ್ಟಿದ ವರ್ಷ 1472, ಕಟ್ಟಿಸಿದವರು ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್, ಪರ್ಷಿಯನ್ ಶೈಲಿ, ನೀಲಿ–ಹಸಿರು–ಬಿಳಿ ಬಣ್ಣದ ಮೆರುಗಿನ ಟೈಲ್ಸ್, ಅಂಕುಡೊಂಕು ಪಟ್ಟಿಗಳ ಮಿನಾರು. ಕೊನೆಯಲ್ಲಿ ‘ಕಲಾತ್ಮಕ ಕೆತ್ತನೆಗಳು ಮನಸೂರೆಗೊಂಡವು’ ಎಂಬ ವಾಕ್ಯವೂ ಇದೆ. ಅಲ್ಲಿ ಕಣ್ಣಿಗೆ ಬೀಳುವುದು ಟೈಲ್ಸ್ ಕೆಲಸವೇ ಹೊರತು ಕೆತ್ತನೆಯಲ್ಲ. ಬಸ್ಸಿನಲ್ಲಿ ಪಕ್ಕದವನ ಪುಸ್ತಕ ನೋಡಿ ಬರೆದದ್ದು. ಆ ಪುಟಕ್ಕೆ ಪೂರ್ಣ ಅಂಕ ಬಂದಿದೆ.

ಆ ಒಂದೂವರೆ ಪುಟದಲ್ಲಿ ‘ವಿದ್ಯಾರ್ಥಿ’ ಎಂಬ ಪದ ಒಮ್ಮೆಯೂ ಬಂದಿಲ್ಲ, ‘ಶಿಕ್ಷಕ’ ಎಂಬ ಪದವೂ ಇಲ್ಲ. ಶಿಕ್ಷಕರಾಗಲು ಓದುತ್ತಿರುವವರು ಬಸ್ಸು ಮಾಡಿಕೊಂಡು ಒಂದು ಹಳೆಯ ಕಾಲೇಜಿಗೆ ಹೋಗಿ, ಅಲ್ಲಿ ಪಾಠ ಹೇಗೆ ನಡೆದಿರಬಹುದು ಎಂದು ಕೇಳದೆ, ಗೋಡೆಯ ಬಣ್ಣ ಬರೆದುಕೊಂಡು ಬಂದಿದ್ದೆವು.

ಇದು ನನಗೆ ಹೊಳೆದದ್ದು ಎರಡನೆಯ ಸಲ ಹೋದಾಗ. ಇಂಟರ್ನ್‌ಶಿಪ್‌ನಲ್ಲಿ ಸಮಾಜ ವಿಜ್ಞಾನದ ಗೆಳೆಯ ಎಂಟನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದ. ಮಕ್ಕಳ ಮೇಲೆ ಕಣ್ಣಿಡಲು ಇನ್ನೊಬ್ಬರು ಬೇಕಿತ್ತು, ಗಣಿತದವನಾದ ನಾನು ಹೋದೆ. ಒಳಗಿನ ಅಂಗಳದಲ್ಲಿ ನಿಂತಾಗ ಒಬ್ಬ ಹುಡುಗ ಕೇಳಿದ, “ಸರ್, ಇದು ಸಾಲೀನಾ? ಕಿಲ್ಲಾ ಅಲ್ಲೇನ್ರಿ?” ನಾನು ಹೌದಪ್ಪ ಸಾಲಿ, 1472ರಲ್ಲಿ ಕಟ್ಟಿದ್ದು ಅಂದೆ. ಅವನು ಸುತ್ತ ನೋಡಿ ಮತ್ತೆ ಕೇಳಿದ, “ಮತ್ತ ಹುಡುಗ್ರು ಎಲ್ಲಿ ಕೂಡ್ತಿದ್ರು?” ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಎದುರಿಗೇ ಇತ್ತು.

ನಡುವೆ ಚೌಕದ ಅಂಗಳ. ಸುತ್ತ ಮೂರು ಅಂತಸ್ತಿನಲ್ಲಿ ಸಾಲು ಕೋಣೆಗಳು. ವಿದ್ಯಾರ್ಥಿಗಳಿಗೆ 36 ಕೋಣೆಗಳೂ ಅಧ್ಯಾಪಕರಿಗೆ ಆರು ಮನೆಗಳೂ ಇದ್ದವೆಂದು ಹೇಳುತ್ತಾರೆ. ಅಂದರೆ ಗುರುಗಳು ಸಂಜೆ ಬಸ್ಸು ಹಿಡಿದು ಹೋಗುವವರಲ್ಲ, ಅದೇ ಕಟ್ಟಡದಲ್ಲಿ ಇರುವವರು. ಪಕ್ಕಗಳ ಮಧ್ಯದಲ್ಲಿ ಕಟ್ಟಡದಷ್ಟೇ ಎತ್ತರದ ಕಮಾನಿನ ದೊಡ್ಡ ಸಭಾಂಗಣಗಳಿವೆ, ಅವು ಪಾಠದ ಜಾಗ. ಮುಂಭಾಗದಲ್ಲಿ ಮಸೀದಿ ಮತ್ತು ಗ್ರಂಥಾಲಯ. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎಂಬ ಮಾತಿದೆ. ಗೋಡೆ ಎಷ್ಟೇ ದಪ್ಪ ಇದ್ದರೂ ಕೋಣೆಗಳೊಳಗೆ ಗಾಳಿ ಬೆಳಕು ಆಡುತ್ತವೆ. ಬೀದರಿನ ಬೇಸಿಗೆ ಕಂಡವರಿಗೆ ಇದು ಸಣ್ಣ ಸಂಗತಿ ಅಲ್ಲ. ‘ಕಲಿಕಾ ಪರಿಸರ’ ಎಂದು ನಾವು ಪರೀಕ್ಷೆಗೆ ಬರೆಯುವ ಉತ್ತರ ಇಲ್ಲಿ ಕಲ್ಲಿನಲ್ಲಿ ನಿಂತಿದೆ, ಅದರ ಮುಂದೆ ನಿಂತು ನಾವು ಸೆಲ್ಫಿ ತೆಗೆದುಕೊಂಡೆವು.

ಅಲಂಕಾರವನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಬಾಯಿ ತೆರೆದು ನೋಡಿದ್ದು ಸಾಕು, ಪಾಠಕ್ಕೆ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ. ಕಟ್ಟಡದ ಮುಖ ಪೂರ್ವಕ್ಕಿದೆ. ಎದುರು ನಿಂತರೆ ಬಲಗಡೆ, ಈಶಾನ್ಯ ಮೂಲೆಯಲ್ಲಿ, ಮಿನಾರು ನಿಂತಿದೆ. ಎಡಗಡೆಯದು ಇಲ್ಲ. ನಡುವಿನ ಮಹಾದ್ವಾರವೂ ಇಲ್ಲ. ಔರಂಗಜೇಬನ ಕಾಲದಲ್ಲಿ ಈ ವಿದ್ಯಾಲಯದಲ್ಲಿ ಮದ್ದಿನ ಪುಡಿ ತುಂಬಿಟ್ಟಿದ್ದರು. 1690ರ ದಶಕದಲ್ಲಿ ಅದು ಸಿಡಿದು ಮುಂಭಾಗದ ಬಹುಪಾಲು ಹಾರಿಹೋಯಿತು. ಸಿಡಿಲು ಬಡಿದದ್ದು ಕಾರಣ ಎನ್ನುತ್ತಾರೆ. ಎಂಟನೇ ತರಗತಿಯ ವಿಜ್ಞಾನದಲ್ಲಿ ಮಿಂಚು ಮತ್ತು ಮಿಂಚುವಾಹಕದ ಪಾಠ ಮಾಡುವ ನಾವು ಈ ಗೋಡೆಯನ್ನು ಒಂದು ಸಲವೂ ಉದಾಹರಿಸಿಲ್ಲ. ಫ್ರಾಂಕ್ಲಿನ್ ಮಿಂಚುವಾಹಕವನ್ನು ಕಂಡುಹಿಡಿಯುವ ಹೊತ್ತಿಗೆ ಈ ಕಟ್ಟಡ ಮುರಿದು ಅರ್ಧ ಶತಮಾನ ದಾಟಿತ್ತು. (ಶಾಲೆಯನ್ನು ಉಗ್ರಾಣ ಮಾಡುವ ಚಾಳಿ ಮಾತ್ರ ಈಗಲೂ ಮುಗಿದಿಲ್ಲ. ನಾನು ಬೋಧನಾಭ್ಯಾಸ ಮಾಡಿದ ಒಂದು ಶಾಲೆಯ ಪ್ರಯೋಗಾಲಯದ ತುಂಬ ಮುರಿದ ಬೆಂಚುಗಳಿದ್ದವು.)

ಆ ದಿನ ಮಕ್ಕಳು ಗಲಾಟೆ ಮಾಡಬಾರದೆಂದು ನಾನು ಒಂದು ಕೆಲಸ ಕೊಟ್ಟೆ. ಯೋಜನೆ ಏನೂ ಇರಲಿಲ್ಲ. ಬಿದ್ದುಹೋದ ಎಡಭಾಗವನ್ನು ಬಲಭಾಗ ನೋಡಿ ಬರೆಯಿರಿ ಅಂದೆ. ಮಹಾದ್ವಾರ ಇದ್ದ ಜಾಗದ ನಡುವೆ ಒಂದು ಗೆರೆ, ಅದೇ ಸಮಮಿತಿ ರೇಖೆ. ಮಕ್ಕಳು ಹುಲ್ಲಿನ ಮೇಲೆ ಕೂತು ಬರೆಯತೊಡಗಿದರು. ಅಂಕುಡೊಂಕು ಪಟ್ಟಿ ಎಡಕ್ಕೆ ಸರಿಯಾಗಿ ತಿರುಗಿತು, ಕಮಾನುಗಳೂ ತಿರುಗಿದವು. ಒಬ್ಬ ಹುಡುಗ ಮಾತ್ರ ಟೈಲ್ಸ್ ಮೇಲಿನ ಬರಹವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ್ದ. ಹಿಂದೆ ಕೂತಿದ್ದ ಹುಡುಗಿ ಇಣುಕಿ ನೋಡಿ, “ಸರ್, ಅವ ಅಕ್ಷರ ಉಲ್ಟಾ ಬರದಾನ್ರಿ” ಎಂದಳು. ಹೇಗೆ ಗೊತ್ತಾಯಿತು ಎಂದರೆ, “ಅಲಿಫ್, ಲಾಮ್ ಬಲಗಡಿಂದ ಬರಬೇಕ್ರಿ. ಇದ ನಾ ಓದ್ತೀನ್ರಿ.”

ವಿನ್ಯಾಸ ಪ್ರತಿಬಿಂಬವಾಗುತ್ತದೆ, ಬರಹ ಆಗುವುದಿಲ್ಲ. ಆದರೆ ಅಕ್ಷರ ಬರೆದ ಪಟ್ಟಿಯ ಚೌಕಟ್ಟು ಆಗುತ್ತದೆ. ಈ ವ್ಯತ್ಯಾಸವನ್ನು ಹಲಗೆಯ ಮೇಲೆ ಹೇಳಿಕೊಡಲು ನನಗೆ ಎರಡು ಅವಧಿ ಬೇಕಾಗುತ್ತಿತ್ತು.

ಅದೇ ಹುಡುಗಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹಿಂದಿನ ದಿನ ತರಗತಿಯಲ್ಲಿ ‘ನಾಳೆ ಮದರಸಾ ನೋಡಲು ಹೋಗುತ್ತೇವೆ’ ಎಂದು ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಅವಳ ಕಡೆ ನೋಡಿ ನಕ್ಕಿದ್ದರು. “ನಿಂದ ಸಾಲಿ ನೋಡಾಕ ಹೊಂಟೀವಿ” ಎಂಬ ಮಾತೂ ನನ್ನ ಕಿವಿಗೆ ಬಿತ್ತು. ಅವಳು ತಲೆ ಬಗ್ಗಿಸಿದಳು. ಅವಧಿ ಮುಗಿಯಲು ಮೂರು ನಿಮಿಷ ಇತ್ತು, ನಾನು ಗೃಹಪಾಠ ಹೇಳಿ ಹೊರಬಂದೆ. ಮದರಸಾ ಎಂದರೆ ದರ್ಸ್, ಅಂದರೆ ಪಾಠ, ನಡೆಯುವ ಜಾಗ, ಅಷ್ಟೇ. ಪಾಠಶಾಲೆ ಎಂಬ ಪದಕ್ಕೂ ಅದಕ್ಕೂ ಅರ್ಥದಲ್ಲಿ ಅಂತರವಿಲ್ಲ. ಇದನ್ನು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ಹೇಳಲಿಲ್ಲ. ಪಾಠಯೋಜನೆಯ ಯಾವ ಅಂಕಣದಲ್ಲೂ ಅದು ಇರಲಿಲ್ಲ ಎಂಬುದು ನೆಪ. ಗೊತ್ತಿದ್ದೂ ಹಿಂಜರಿದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮಲ್ಲಿ ಐತಿಹಾಸಿಕ ಸ್ಥಳದ ಭೇಟಿ ಎಂದರೆ ಸಮಾಜ ವಿಜ್ಞಾನದವರ ಸೊತ್ತು. ಗಣಿತ, ವಿಜ್ಞಾನದವರು ಹಾಜರಾತಿಗೆ ಹೋಗುತ್ತಾರೆ. ಹತ್ತನೇ ತರಗತಿಯಲ್ಲಿ ‘ಒಂದು ಗೋಪುರದ ತುದಿಯ ಉನ್ನತ ಕೋನ’ ಎಂದು ವರ್ಷವಿಡೀ ಲೆಕ್ಕ ಮಾಡಿಸುತ್ತೇವೆ. ಆ ಗೋಪುರ ಎಲ್ಲಿಯೂ ಇರುವುದಿಲ್ಲ, ಅದಕ್ಕೆ ಬಣ್ಣವಿಲ್ಲ, ದಪ್ಪವಿಲ್ಲ. ಬೀದರಿನಲ್ಲಿ ಸುಮಾರು 131 ಅಡಿ ಎತ್ತರದ ಗೋಪುರ ನಿಂತಿದೆ. ಕೋಲಿನ ನೆರಳು, ಮಿನಾರಿನ ನೆರಳು ಅಳೆದು ಸಮರೂಪ ತ್ರಿಭುಜದಿಂದ ಎತ್ತರ ತೆಗೆಯಬಹುದು. ತೆಗೆಯುವಾಗ ಮಕ್ಕಳು ತಪ್ಪುತ್ತಾರೆ, ಏಕೆಂದರೆ ಅವರು ಬುಡದ ಗೋಡೆಯಿಂದ ಅಳೆಯುತ್ತಾರೆ. ತುದಿ ಇರುವುದು ಬುಡದ ನಟ್ಟನಡುವಿನ ಮೇಲೆ. ಆದ್ದರಿಂದ ತ್ರಿಜ್ಯ ಕೂಡಿಸಬೇಕು. ತ್ರಿಜ್ಯಕ್ಕೆ ಸುತ್ತಳತೆ ಬೇಕು, ಸುತ್ತಳತೆಗೆ ಹಗ್ಗ ಬೇಕು. ಪುಸ್ತಕದ ದಪ್ಪವಿಲ್ಲದ ಗೋಪುರ ಈ ತೊಂದರೆಯನ್ನು ಯಾವತ್ತೂ ಕೊಡುವುದಿಲ್ಲ. ಹಾಗೆಯೇ ನೀಲಿ ಟೈಲ್ಸಿನ ಮುಂದೆ ನಿಂತು ಕೋಬಾಲ್ಟ್ ಆಕ್ಸೈಡನ್ನೂ, ಮಣ್ಣಿನ ಮೇಲೆ ಸುಟ್ಟು ಕೂರಿಸಿದ ಗಾಜಿನ ಪದರವನ್ನೂ ಮಾತಾಡಬಹುದು.

ನಮ್ಮ ಮಾರ್ಗದರ್ಶಕರೊಬ್ಬರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ: ನಿಗದಿತ ಪಾಠಗಳು ಮುಗಿಯಬೇಕು, ವೀಕ್ಷಣೆ ಆಗಬೇಕು, ಬಸ್ಸಿನ ಖರ್ಚು ಬೇರೆ, ಇದಕ್ಕೆಲ್ಲ ದಿನ ಎಲ್ಲಿದೆ? ನಾನು ಹೆಚ್ಚಿನ ದಿನ ಕೇಳುತ್ತಿಲ್ಲ. ಹೇಗೂ ಹೋಗುವ ಆ ಒಂದು ಭೇಟಿಗೆ ಮೊದಲು ಪ್ರತಿ ಪ್ರಶಿಕ್ಷಣಾರ್ಥಿ ತನ್ನ ವಿಷಯದಲ್ಲಿ ಒಂದು ಪಾಠಯೋಜನೆ ಬರೆಯಲಿ. ಅಲ್ಲಿಯೇ ಮಕ್ಕಳೊಂದಿಗೆ ಇಲ್ಲವೇ ಸಹಪಾಠಿಗಳೊಂದಿಗೆ ಅದನ್ನು ಮಾಡಲಿ. ನಿಗದಿತ ಪಾಠಗಳಲ್ಲಿ ಅದನ್ನೂ ಒಂದೆಂದು ಎಣಿಸಿ, ಭೇಟಿಯ ವರದಿಯ ಬದಲು ಅದಕ್ಕೇ ಅಂಕ ಕೊಡಿ. ಪಕ್ಕದವನ ಪುಸ್ತಕ ನೋಡಿ ಬರೆಯುವುದು ಆಗ ಅಷ್ಟು ಸುಲಭವಲ್ಲ.

ನಾನು ನನ್ನದನ್ನು ಬರೆದಿದ್ದೇನೆ. ಮೊದಲ ಐದು ನಿಮಿಷ ‘ಮದರಸಾ’ ಎಂಬ ಪದಕ್ಕೆ. ಆಮೇಲೆ ಮಕ್ಕಳೇ ಕೋಣೆಗಳನ್ನು ಎಣಿಸುತ್ತಾರೆ, ಯಾರು ಎಲ್ಲಿ ಕೂರುತ್ತಿದ್ದರು ಎಂದು ಊಹಿಸುತ್ತಾರೆ. ಆಮೇಲೆ ಸಮಮಿತಿ. ನೆರಳಿನ ಅಳತೆ ಮಧ್ಯಾಹ್ನ ಮೂರರ ನಂತರ, ಏಕೆಂದರೆ ಬೆಳಿಗ್ಗೆ ಮಿನಾರಿನ ನೆರಳು ಕಟ್ಟಡದ ಮೇಲೆಯೇ ಬೀಳುತ್ತದೆ, ಅಳೆಯಲು ಬರುವುದಿಲ್ಲ. ನಮ್ಮ ಪ್ರವಾಸದ ವೇಳಾಪಟ್ಟಿಯಲ್ಲಿ ಮದರಸಾಕ್ಕೆ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂಕಾಲು ಎಂದಿದೆ. ಮೊದಲು ಅದನ್ನು ಬದಲಿಸಬೇಕು.